ಪ್ಯಾಂಗಾಂಗ್ ಸರೋವರದ ಮೇಲಣ ಬೆಳಕು

ಲಡಾಖಿಗೆ ಹೋಗುವವರು ಸಾಮಾನ್ಯವಾಗಿ ಹಗಲಿನ ನೋಟಗಳಿಗಾಗಿ ಹೋಗುತ್ತಾರೆ. ನಾವು ಹೋದುದು ರಾತ್ರಿಯ ಒಂದು ನೋಟಕ್ಕಾಗಿ. ನಿಜವನ್ನು ಹೇಳುವುದಾದರೆ, ಹನ್ನೊಂದು ವರ್ಷಗಳ ಹಿಂದೆ ನಮ್ಮ ಮನೆಯ ಊಟದ ಪಂಕ್ತಿಯಲ್ಲಿ ಹುಟ್ಟಿಕೊಂಡಿದ್ದ ಮನಸ್ತಾಪವೊಂದನ್ನು ಕಳೆದುಕೊಳ್ಳುವುದಕ್ಕಾಗಿ.

2013ನೆಯ ಇಸವಿಯ ಜುಲೈ ತಿಂಗಳಲ್ಲಿ ಪತ್ರಿಕೆಗಳಲ್ಲಿ ಒಂದು ಸುದ್ದಿ ಬಂದಿತ್ತು. ಲಡಾಖಿನ ಗಡಿಯಲ್ಲಿ, ಪ್ಯಾಂಗಾಂಗ್ ಸರೋವರದ ದಂಡೆಯ ಠಾಕುಂಗ್ ಎಂಬ ಠಾಣೆಯ ಹತ್ತಿರ, ನಮ್ಮ ಸೈನಿಕರು ಹಿಂದಿನ ವರ್ಷದ ಆಗಸ್ಟಿನಿಂದ ಆ ವರ್ಷದ ಫೆಬ್ರವರಿಯ ವರೆಗೆ ಆಕಾಶದಲ್ಲಿ 329 ಸಲ ಅಪರಿಚಿತ ಬೆಳಕುಗಳನ್ನು ಕಂಡು ದಾಖಲೆ ಮಾಡಿದ್ದರು. ಅವುಗಳಲ್ಲಿ 155 ಸಲ ಆ ಬೆಳಕು ವಾಸ್ತವ ನಿಯಂತ್ರಣ ರೇಖೆಯನ್ನು ದಾಟಿ ನಮ್ಮ ಕಡೆಗೆ ಬಂದಿತೆಂದೂ ಬರೆದಿದ್ದರು. ಚೀನಾದವರು ಹಾರಿಸಿದ ಗೂಢಚಾರಿ ಡ್ರೋನುಗಳಿರಬೇಕೆಂಬುದು ಶಂಕೆ. ಕಡೆಗೆ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರು ಲೆಕ್ಕಹಾಕಿ ನೋಡಿದಾಗ, ಆ ಬೆಳಕುಗಳು ಗುರು ಮತ್ತು ಶುಕ್ರ ಗ್ರಹಗಳೆಂದು ಹೊರಪಟ್ಟಿತು.

ಈ ಸುದ್ದಿಯನ್ನು ನಾನು ಎಲೆಯ ಮುಂದೆ ಕುಳಿತು ಗಟ್ಟಿಯಾಗಿ ಓದಿ ನಕ್ಕೆ. ಎದುರಿಗೆ ಕುಳಿತಿದ್ದವರು ನಮ್ಮ ಭಾವನವರು, ಎಂದರೆ ಅಕ್ಕನ ಯಜಮಾನರು. ಸೈನ್ಯದಲ್ಲಿ ಸುಬೇದಾರರಾಗಿದ್ದು ನಿವೃತ್ತರಾದವರು. ತಮ್ಮ ಸೇವೆಯ ಕಾಲದಲ್ಲಿ ಎರಡು ಚಳಿಗಾಲಗಳನ್ನು ಅವರು ಅದೇ ಬೆಟ್ಟಗಳ ಮೇಲೆ ಕಳೆದಿದ್ದರು. ಅವರು ಮಜ್ಜಿಗೆ ಅನ್ನವನ್ನು ಹಾಗೆಯೇ ಬಿಟ್ಟು ಕೈ ತೊಳೆದುಕೊಂಡರು. "ಅಲ್ಲಿ ಒಂದು ರಾತ್ರಿ ನಿಂತು ಬಾ. ಆಮೇಲೆ ನಗುವೆಯಂತೆ" ಎಂದಷ್ಟೇ ಅಂದರು. ಅನಂತರ ಹಬ್ಬ ಹರಿದಿನಗಳಲ್ಲಿ ಸೇರಿದೆವು, ಮಾತನಾಡಿದೆವು; ಆದರೆ ಆ ಮಾತು ಮಾತ್ರ ನಮ್ಮಿಬ್ಬರ ನಡುವೆ ಗೋಡೆಯಂತೆ ನಿಂತೇ ಇತ್ತು.

ಹೊರಡುವುದೆಂದು ನಿಶ್ಚಯವಾದುದು 2024ರಲ್ಲಿ. ಭಾವನವರು, ಅಕ್ಕ, ಇಂಜಿನಿಯರಿಂಗ್ ಓದುತ್ತಿರುವ ಅವರ ಮಗ, ನಾನು, ಹೀಗೆ ನಾಲ್ವರು. ರಜೆ ಸಿಕ್ಕಿದುದು ಪಕ್ಷಮಾಸದಲ್ಲಿ. ಪಿತೃಪಕ್ಷದಲ್ಲಿ ಪ್ರಯಾಣವೇ ಎಂದು ಅಕ್ಕ ಒಂದೆರಡು ದಿನ ಗೊಣಗಿಕೊಂಡು, ಅಮಾವಾಸ್ಯೆಯ ಹತ್ತಿರವಾದರೆ ಕತ್ತಲೆ ಚೆನ್ನಾಗಿರುತ್ತದೆಂದು ಮಗ ಹೇಳಿದ ಮೇಲೆ ಸುಮ್ಮನಾದಳು.

ಲೇಹ್ ಪಟ್ಟಣವು ಸಮುದ್ರಮಟ್ಟದಿಂದ ಸುಮಾರು 3,500 ಮೀಟರು ಎತ್ತರದಲ್ಲಿದೆ. ವಿಮಾನದಿಂದ ಇಳಿದವರು ಎರಡು ದಿನ ಮಲಗಿಯೇ ಇರಬೇಕು. ಇದರಲ್ಲಿ ಜಾಣತನ ತೋರಿಸಲು ಹೋದವರು ಆಸ್ಪತ್ರೆಯನ್ನು ಕಾಣುತ್ತಾರೆ. ಮೂರನೆಯ ದಿನ ಹೊರಟು, 5,300 ಮೀಟರುಗಳಿಗೂ ಮಿಗಿಲಾದ ಚಾಂಗ್ ಲಾ ಕಣಿವೆಯನ್ನು ದಾಟಿ, ತಾಂಗ್‌ತ್ಸೆಯ ಮಾರ್ಗವಾಗಿ ಇಳಿದೆವು. ಒಂದು ತಿರುವಿನಲ್ಲಿ ಕಂದು ಬೆಟ್ಟಗಳ ನಡುವೆ ನೀಲಿಯ ಒಂದು ಚೂರು ಕಂಡಿತು. ಅದೇ ಪ್ಯಾಂಗಾಂಗ್. ಉದ್ದ ಸುಮಾರು 134 ಕಿಲೋಮೀಟರು. ಅದರಲ್ಲಿ ಮೂರನೆಯ ಒಂದು ಪಾಲು ಮಾತ್ರ ನಮ್ಮ ಕಡೆ, ಉಳಿದುದು ಚೀನಾದ ವಶದಲ್ಲಿ. ನೀರು ಉಪ್ಪು. ಅಷ್ಟು ನೀರಿದ್ದೂ ದಡದಲ್ಲಿ ಒಂದು ಮರವಿಲ್ಲ. ಅಕ್ಕ ಬೊಗಸೆಯಲ್ಲಿ ನೀರೆತ್ತಿ ನಾಲಗೆಗೆ ತಾಗಿಸಿಕೊಂಡು, "ಇಷ್ಟು ಚೆಂದದ ಕೆರೆಗೆ ಯಾರ ದೃಷ್ಟಿ ತಾಗಿತೋ!" ಎಂದಳು. ಸ್ಪಂಗ್‌ಮಿಕ್, ಮಾನ್ ಹಳ್ಳಿಗಳನ್ನು ದಾಟಿ ಮೆರಕ್ ಎಂಬ ಹಳ್ಳಿಯಲ್ಲಿ ಒಂದು ಮನೆಯಲ್ಲಿ ಇಳಿದುಕೊಂಡೆವು. ಅಂದು ಸೆಪ್ಟೆಂಬರು 28ನೆಯ ತಾರೀಖು, ಭಾದ್ರಪದ ಕೃಷ್ಣ ಏಕಾದಶಿ. ಈ ಎತ್ತರದಲ್ಲಿ ಉಪವಾಸ ಕೂಡದೆಂದು ಭಾವನವರು ಗದರಿಸಿದುದರಿಂದ ಅಕ್ಕ ಹಾಲನ್ನಾದರೂ ಕುಡಿದಳು.

ಸೂರ್ಯನು ಮುಳುಗಿ ಒಂದು ಗಂಟೆಯಾಗಿರಬಹುದು. ಹೊರಗೆ ಗದ್ದಲ ಕೇಳಿ ಓಡಿಬಂದು ನೋಡಿದರೆ, ಪಶ್ಚಿಮದಿಂದ ಒಂದು ಬೆಳಕಿನ ಸರ ಮೇಲೇರಿ ಬರುತ್ತಿದೆ! ಎಣಿಸಿದಂತೆ ಒಂದರ ಹಿಂದೆ ಒಂದು, ಮದುವೆಯ ಮನೆಯ ದೀಪದ ಸಾಲು ಎದ್ದು ನಡೆದಂತೆ, ಸದ್ದಿಲ್ಲದೆ ತಲೆಯ ಮೇಲೆ ಹಾದು, ಪೂರ್ವದ ಕಡೆ ಇನ್ನೂ ಆಕಾಶದಲ್ಲಿರುವಾಗಲೇ ಒಂದೊಂದಾಗಿ ಆರಿಹೋಯಿತು. ನನ್ನ ಸೋದರಳಿಯನು ಮೊಬೈಲಿನಲ್ಲಿ ಅದರ ಚಿತ್ರವನ್ನು ಹಿಡಿದುಕೊಂಡನು. ಪಕ್ಕದ ಬಿಡಾರದ ಯಾತ್ರಿಕರು ಒಬ್ಬೊಬ್ಬರು ಒಂದೊಂದು ಮಾತಾಡಿದರು. ಹುಡುಗನಿಗೆ ಇದರಲ್ಲಿ ಅನುಮಾನವೇ ಇರಲಿಲ್ಲ. ಅಮೆರಿಕದ ಒಂದು ಕಂಪೆನಿ ಅಂತರ್ಜಾಲಕ್ಕಾಗಿ ಹಾರಿಸುತ್ತಿರುವ ಸ್ಟಾರ್‌ಲಿಂಕ್ ಉಪಗ್ರಹಗಳಿವು. ಒಂದೇ ರಾಕೆಟ್ಟಿನಿಂದ ಹತ್ತಾರು ಉಪಗ್ರಹಗಳನ್ನು ಬಿಡುವುದರಿಂದ ಮೊದಲ ಕೆಲವು ದಿನ ಸಾಲಾಗಿಯೇ ಹೋಗುತ್ತವೆ. 2019ರ ಮೇ 24ರಂದು ಮೊದಲ ಅರುವತ್ತು ಹಾರಿದಾಗ ಹಾಲೆಂಡಿನ ಒಬ್ಬ ವೀಕ್ಷಕರು ಅದೇ ರಾತ್ರಿ ಚಿತ್ರ ಹಿಡಿದು ಲೋಕಕ್ಕೆ ತೋರಿಸಿದರು. 2021ರ ಡಿಸೆಂಬರಿನಲ್ಲಿ ಪಂಜಾಬಿನವರೂ ಇದನ್ನೇ ಕಂಡು ಬೆರಗಾದರು. ನೆಲದ ಮೇಲೆ ಕತ್ತಲಾಗಿದ್ದರೂ ಅಷ್ಟು ಎತ್ತರದಲ್ಲಿ ಇನ್ನೂ ಬಿಸಿಲಿರುವುದರಿಂದ ಹೊಳೆಯುತ್ತವೆ. ಭೂಮಿಯ ನೆರಳನ್ನು ಹೊಕ್ಕೊಡನೆ ಆರುತ್ತವೆ.

ಭಾವನವರು ಎಲ್ಲವನ್ನೂ ಕೇಳಿ, "ಸರಿ. ಆದರೆ 2012ರಲ್ಲಿ ಇವು ಇರಲಿಲ್ಲವಲ್ಲ" ಎಂದರು.

ಅದು ನ್ಯಾಯವಾದ ಮಾತು. ಈ ಕಾಲದ ಒಂದು ಉತ್ತರವನ್ನು ಹಿಂದಿನ ಕಾಲದ ಪ್ರಶ್ನೆಗೆ ಅಂಟಿಸಲಾಗದು. ಊಟವಾದ ಮೇಲೆ ಕಂಬಳಿ ಹೊದ್ದು ಕಲ್ಲಿನ ಪಾಗಾರದ ಮರೆಯಲ್ಲಿ ಕುಳಿತೆವು. ನಕ್ಷತ್ರಗಳು ಎಷ್ಟಿದ್ದುವೆಂದರೆ, ಬಲ್ಲ ನಕ್ಷತ್ರಪುಂಜಗಳನ್ನು ಗುರುತಿಸುವುದೇ ಕಷ್ಟವಾಯಿತು.

ಹತ್ತೂವರೆ ಗಂಟೆಯ ಸುಮಾರಿಗೆ, ಸರೋವರದ ಆಚೆಯ ಬೆಟ್ಟದ ಏಣಿನ ಮೇಲೆ, ಪೂರ್ವಕ್ಕಿಂತ ತುಸು ಉತ್ತರಕ್ಕೆ, ಏನೋ ಹೊತ್ತಿಕೊಂಡಂತಾಯಿತು. ಮೊದಲು ಹಿಮದಲ್ಲಿ ಯಾರೋ ಪಂಜು ಹಿಡಿದಂತೆ ಕೆಂಪು. ಬಳಿಕ ಅರಸಿನದ ಉಂಡೆ. ಅದು ಬೆಟ್ಟವನ್ನು ಬಿಟ್ಟು ಮೇಲೆದ್ದಿತು. ನಡುನಡುವೆ ಹಸುರಾಗಿ, ಕೆಂಪಾಗಿ ಮಿನುಗಿತು. ನೀರಿನಲ್ಲಿ ಅದರ ಬಿಂಬ ಒಂದು ಗೆರೆಯಾಗಿ ನಮ್ಮ ಕಾಲ ಬುಡದ ವರೆಗೂ ಬಂದಿತ್ತು. ಆ ಬೆಟ್ಟಗಳ ಆಚೆ ಯಾರ ನೆಲವೆಂಬುದು ನಮಗೆಲ್ಲ ಗೊತ್ತು. ನನ್ನ ಮೈ ಜುಮ್ಮೆಂದಿತು. ನೋಡುತ್ತಿದ್ದಂತೆ ಅದು ಎಡಕ್ಕೆ ಜಾರಿತು, ನಿಂತಿತು, ಮತ್ತೆ ಬಲಕ್ಕೆ ಸರಿಯಿತು. ಇದರಲ್ಲಿ ಸಂಶಯವಿಲ್ಲ: ನಾನು ಕಣ್ಣಾರೆ ಕಂಡೆ.

ಭಾವನವರು ನನ್ನ ಕಡೆ ತಿರುಗಿ ನೋಡಿದರು, ಏನೂ ಅನ್ನಲಿಲ್ಲ.

ಹುಡುಗನ ಮೊಬೈಲಿನಲ್ಲಂತೂ ಅದು ಇನ್ನೂ ಘೋರವಾಗಿ ಕಂಡಿತು. ಅಂಗೈಯಷ್ಟಗಲದ ಪರದೆಯಲ್ಲಿ ಒಂದು ದೊಡ್ಡ ಗೋಳ. ಉಸಿರಾಡುವಂತೆ ಉಬ್ಬುತ್ತದೆ, ಕುಗ್ಗುತ್ತದೆ. ಒಮ್ಮೆಲೆ ಹಾರಿ ಮೂಲೆಗೆ ಹೋಗುತ್ತದೆ. ಇದನ್ನು ಮೈಸೂರಿನ ನೆಂಟರಿಗೆ ಕಳುಹಿಸಿದ್ದರೆ ಅವರು ಆ ರಾತ್ರಿ ನಿದ್ದೆ ಮಾಡುತ್ತಿರಲಿಲ್ಲ. ಆದರೆ ಹುಡುಗನೇ ನಕ್ಕು, "ಮಾವ, ಇದನ್ನು ನಂಬಬೇಡಿ" ಎಂದನು. ಕತ್ತಲೆಯಲ್ಲಿ ಒಂದೇ ಚುಕ್ಕೆಯನ್ನು ಕಂಡ ಯಂತ್ರದ ಕಣ್ಣು ಯಾವ ದೂರಕ್ಕೆ ಹೊಂದಿಕೊಳ್ಳಬೇಕೆಂದು ತಿಳಿಯದೆ ತಡಕಾಡುತ್ತದೆ. ಆಗ ಚುಕ್ಕೆ ಹರಡಿ ಗೋಳವಾಗುತ್ತದೆ. ಕೈ ನಡುಗಿದರೆ ಗೋಳ ಹಾರುತ್ತದೆ. ಮೊಬೈಲನ್ನು ಅವನು ಪಾಗಾರದ ಕಲ್ಲಿಗೆ ಆನಿಸಿ ಮತ್ತೆ ಹಿಡಿದಾಗ ಹಾರಾಟ ನಿಂತುಹೋಯಿತು.

"ಯಂತ್ರ ಹಾಗಿರಲಿ. ನನ್ನ ಕಣ್ಣಿಗೆ ಸರಿದಾಡಿತಲ್ಲ?" ಎಂದೆ.

ಅದಕ್ಕೂ ಕಾರಣವುಂಟು. ಹಿನ್ನೆಲೆಯಿಲ್ಲದ ಕತ್ತಲೆಯಲ್ಲಿ ಒಂದೇ ಬೆಳಕನ್ನು ದಿಟ್ಟಿಸುತ್ತಿದ್ದರೆ, ಅಲುಗಾಡದ ಬೆಳಕೂ ಅಲುಗಾಡಿದಂತೆ ತೋರುತ್ತದೆ. ಅಲೆಕ್ಸಾಂಡರ್ ಹುಂಬೋಲ್ಟ್ ಎಂಬ ಜರ್ಮನ್ ಪ್ರವಾಸಿ ವಿದ್ವಾಂಸನು 1799ರಲ್ಲಿ ಟೆನೆರಿಫೆ ದ್ವೀಪದ ಬೆಟ್ಟದ ಮೇಲೆ ನಕ್ಷತ್ರಗಳು ಓಲಾಡುವುದನ್ನು ಕಂಡು ಬರೆದಿಟ್ಟಿದ್ದನು. ಅದು ಆಕಾಶದ ಚಲನೆಯಲ್ಲ, ಕಣ್ಣಿನದು ಎಂದು ಗೊತ್ತಾದುದು ಬಹುಕಾಲದ ಮೇಲೆ. ಅಂಥ ವಿದ್ವಾಂಸನಿಗೇ ಆದ ಭ್ರಮೆ ನನಗೆ ಆದುದರಲ್ಲಿ ನಾಚಿಕೆಯೇನೂ ಇಲ್ಲವೆಂದು ಸಮಾಧಾನ ಮಾಡಿಕೊಂಡೆ.

ಈಗ ಭಾವನವರು ಬಾಯಿಬಿಟ್ಟರು. "ನೀನು ಆಗ ಪತ್ರಿಕೆಯಲ್ಲಿ ಕಡೆಯ ಸುದ್ದಿಯನ್ನು ಮಾತ್ರ ಓದಿದೆ. ಮೊದಲಿನದನ್ನು ಓದಲಿಲ್ಲ" ಎಂದು ಆರಂಭಿಸಿ ಒಂದೊಂದಾಗಿ ಹೇಳಿದರು. 2012ರಲ್ಲಿ ಸೈನ್ಯದವರೂ ಇಂಡೋ-ಟಿಬೆಟ್ ಗಡಿ ಪೋಲೀಸಿನವರೂ ಹಳದಿಯ ಗೋಳಗಳನ್ನು ಕಂಡರು. ಅವು ದಿಗಂತದಿಂದ ಎದ್ದು ಮೂರರಿಂದ ಐದು ಗಂಟೆಗಳ ಕಾಲ ಮೆಲ್ಲನೆ ಆಕಾಶವನ್ನು ದಾಟಿ ಮಾಯವಾಗುತ್ತಿದ್ದುವು. ಸರೋವರದ ಹತ್ತಿರ ಬೆಟ್ಟದ ಮೇಲೆ ರಾಡಾರನ್ನು ತಂದು ನಿಲ್ಲಿಸಿದರು. ಕಣ್ಣಿಗೆ ಕಾಣುತ್ತಿದ್ದ ವಸ್ತು ರಾಡಾರಿಗೆ ಸಿಕ್ಕಲಿಲ್ಲ. ತಮ್ಮದೇ ಒಂದು ಡ್ರೋನನ್ನು ಅದರ ಕಡೆಗೆ ಹಾರಿಸಿದರು. ಅದು ಏರಬಲ್ಲಷ್ಟು ಏರಿಯೂ ಬೆಳಕನ್ನು ಮುಟ್ಟಲಿಲ್ಲ. ಆ ಸೆಪ್ಟೆಂಬರಿನಲ್ಲಿ ಹಾನ್ಲೆಯ ಖಗೋಳಜ್ಞರೇ ಮೂರು ದಿನ ಬಂದು ನೋಡಿ, ಇವು ಗ್ರಹಗಳೂ ಅಲ್ಲ, ಉಲ್ಕೆಗಳೂ ಅಲ್ಲ ಎಂದು ಹೇಳಿದರೆಂದು ಪತ್ರಿಕೆಗಳು ಬರೆದಿದ್ದುವು. "ಪಂಡಿತರೇ ಅಲ್ಲವೆಂದಾಗ, ಬಂದೂಕು ಹಿಡಿದು ನಿಂತ ಹುಡುಗ ಹೌದೆನ್ನಬೇಕಾಗಿತ್ತೆ?"

ನನಗೆ ಉತ್ತರ ತೋಚಲಿಲ್ಲ. ವಾದಕ್ಕೆ ಹೊಸ ದಾರಿ ತೆರೆದವಳು ಅಕ್ಕ. ಅವಳು ಅಷ್ಟು ಹೊತ್ತೂ ಕಂಬಳಿಯೊಳಗಿಂದ ಆ ಬೆಳಕನ್ನೇ ನೋಡುತ್ತಿದ್ದವಳು, "ಈ ವರ್ಷ ಗುರು ಯಾವ ರಾಶಿಯಲ್ಲಿದ್ದಾನೆ?" ಎಂದು ಕೇಳಿದಳು.

"ವೃಷಭ" ಎಂದರು ಭಾವನವರು. ಪಂಚಾಂಗದ ವಿಷಯದಲ್ಲಿ ಅವರು ಯಾರಿಗೂ ಕಡಮೆಯಲ್ಲ.

"ಗುರು ವೃಷಭಕ್ಕೆ ಬಂದರೆ ನರ್ಮದೆಗೆ ಪುಷ್ಕರ. ಅತ್ತೆಯವರನ್ನು ನಾವು ನರ್ಮದಾ ಪುಷ್ಕರಕ್ಕೆ ಕರೆದುಕೊಂಡು ಹೋದುದು ಯಾವ ವರ್ಷ? ನೀವೇ ಟಿಕೆಟ್ಟು ತಂದದ್ದು."

ಭಾವನವರು ಸ್ವಲ್ಪ ಹೊತ್ತು ಸುಮ್ಮನಿದ್ದು, "2012. ಮೇ ತಿಂಗಳು" ಎಂದರು.

ಗುರುವು ಸೂರ್ಯನನ್ನು ಒಂದು ಸುತ್ತು ಬರಲು ಸುಮಾರು ಹನ್ನೆರಡು ವರ್ಷ ಬೇಕು. ಹನ್ನೆರಡು ವರ್ಷಗಳಿಗೊಮ್ಮೆ ಅದೇ ರಾಶಿಗೆ ಬರುತ್ತಾನೆ. ಪುಷ್ಕರದ ಲೆಕ್ಕವೂ ಅದೇ. ಆದುದರಿಂದ 2012ರ ಸೆಪ್ಟೆಂಬರಿನಲ್ಲಿ ಗುರು ಯಾವ ಹೊತ್ತಿಗೆ, ಯಾವ ದಿಕ್ಕಿನಲ್ಲಿ ಈ ಬೆಟ್ಟಗಳ ಮೇಲೆ ಮೂಡಿದ್ದನೋ, 2024ರ ಸೆಪ್ಟೆಂಬರಿನಲ್ಲಿಯೂ ಹೆಚ್ಚುಕಡಮೆ ಅಲ್ಲಿಯೇ ಮೂಡಬೇಕು. ನಾವು ತಿಳಿಯದೆಯೇ ಸರಿಯಾದ ವರ್ಷದಲ್ಲಿ ಬಂದಿದ್ದೆವು! ಎದುರಿಗೆ ಉರಿಯುತ್ತಿದ್ದುದು ಸುಮಾರು 70 ಕೋಟಿ ಕಿಲೋಮೀಟರು ದೂರದಲ್ಲಿದ್ದ ಗುರುವೇ ಆದರೆ, ರಾಡಾರಿಗೆ ಸಿಕ್ಕದುದೂ, ಡ್ರೋನು ಮುಟ್ಟದುದೂ ಸಹಜವೇ.

ಭಾವನವರು ಅಷ್ಟಕ್ಕೆ ಒಪ್ಪುವವರಲ್ಲ. "ಇರಬಹುದು. ಇರಬಹುದೆಂಬುದು ವರದಿಯಲ್ಲ. ನಾಳೆ ನೋಡೋಣ" ಎಂದು, ದಿಕ್ಸೂಚಿಯನ್ನು ತೆಗೆದು ದಿಕ್ಕನ್ನು ಅಳೆದರು. ಪಾಗಾರದ ಒಂದು ಕಲ್ಲಿಗೆ ಗಲ್ಲವನ್ನಾನಿಸಿ, ಬೆಳಕು ಎದ್ದ ಬೆಟ್ಟದ ಕಚ್ಚನ್ನು ಗುರುತುಮಾಡಿಕೊಂಡು, ಹೊತ್ತನ್ನು ಪುಸ್ತಕದಲ್ಲಿ ಬರೆದುಕೊಂಡರು.

ಈ ಪರೀಕ್ಷೆಯ ತಿರುಳು ಇಷ್ಟೆ. ಮನುಷ್ಯರು ಹಾರಿಸುವ ಯಂತ್ರ ಮನುಷ್ಯರ ಗಡಿಯಾರದಂತೆ ನಡೆಯುತ್ತದೆ. ನಕ್ಷತ್ರ ಗ್ರಹಗಳು ಆಕಾಶದ ಗಡಿಯಾರದಂತೆ ನಡೆಯುತ್ತವೆ. ಅವು ದಿನಕ್ಕೆ ಸುಮಾರು ನಾಲ್ಕು ನಿಮಿಷ ಮುಂಚೆ ಮೂಡುತ್ತವೆ, ತಿಂಗಳಿಗೆ ಎರಡು ಗಂಟೆ. ಯಾವ ಶತ್ರುವೂ ಪ್ರತಿರಾತ್ರಿ ನಾಲ್ಕೇ ನಿಮಿಷ ಮುಂಚೆ, ಅದೇ ಕಚ್ಚಿನಿಂದ, ತಿಂಗಳುಗಟ್ಟಲೆ ಡ್ರೋನು ಹಾರಿಸಲಾರನು. ಬೆಂಗಳೂರಿನ ವಿದ್ವಾಂಸರಿಗೂ ನಿರ್ಣಯ ಸಾಧ್ಯವಾದುದು, ಬೆಳಕು ಕಂಡ ಹೊತ್ತು, ದಿಕ್ಕು, ಎತ್ತರದ ಕೋನ ಇವೆಲ್ಲವನ್ನೂ ಸೈನಿಕರು ಒಪ್ಪವಾಗಿ ಬರೆದುಕೊಟ್ಟ ಮೇಲೆಯೇ. ಈ ಮಾತನ್ನು ನಗೆಯ ಸುದ್ದಿ ಬರೆದವರು ಹೇಳಲಿಲ್ಲ. ಓದಿ ನಕ್ಕ ನಾನೂ ಯೋಚಿಸಲಿಲ್ಲ.

ಮರುದಿನ ರಾತ್ರಿ ಭಾವನವರು ಅದೇ ಕಲ್ಲಿಗೆ ಗಲ್ಲವನ್ನಾನಿಸಿ ಕುಳಿತರು. ಅಕ್ಕ ಬ್ಯಾಟರಿಗೆ ಬಟ್ಟೆ ಸುತ್ತಿ ಗಡಿಯಾರಕ್ಕೆ ಹಿಡಿದಳು. ಅದೇ ಕಚ್ಚಿನಲ್ಲಿ ಅದೇ ಕೆಂಪು ಹೊತ್ತಿಕೊಂಡಿತು. ಹಿಂದಿನ ರಾತ್ರಿಗಿಂತ ನಾಲ್ಕು ನಿಮಿಷ ಮುಂಚೆ. ಭಾವನವರು ಬರೆದುಕೊಂಡು ಪುಸ್ತಕವನ್ನು ಮುಚ್ಚಿ, ಚಹಾ ಕೇಳಿದರು.

ಉಳಿದುದು ಶುಕ್ರನ ಮಾತು. 2012ರ ಜೂನ್ 6ರಂದು ಸೂರ್ಯಬಿಂಬದ ಮೇಲೆ ಹಾದುಹೋದ ಶುಕ್ರನು ಅನಂತರ ಆ ವರ್ಷವೆಲ್ಲ ಬೆಳಗಿನ ಬೆಳ್ಳಿಯಾಗಿದ್ದನು. ಆಗಸ್ಟಿನಲ್ಲಿ ಸೂರ್ಯೋದಯಕ್ಕೆ ಮೂರು ಗಂಟೆಗೂ ಮುಂಚೆ ಪೂರ್ವದಲ್ಲಿ, ಎಂದರೆ ಚೀನಾದ ಕಡೆಯಿಂದಲೇ, ಎದ್ದು ಬೆಳಕು ಹರಿದಾಗ ಮರೆಯಾಗುತ್ತಿದ್ದನು. ಎದ್ದು ಮೂರು ಗಂಟೆ ಚಲಿಸಿ ಮಾಯವಾಗುವ ಗೋಳಕ್ಕೆ ಇದಕ್ಕಿಂತ ಒಪ್ಪುವ ವರ್ಣನೆ ಬೇಡ. ನಮ್ಮ ಊರುಗಳಲ್ಲಿ ಬೆಳ್ಳಿ ಮೂಡಿತೆಂದು ಎದ್ದು ಅಂಗಳ ಸಾರಿಸುತ್ತಿದ್ದವರಿಗೆ ಅದರ ಗುರುತು ಸಿಕ್ಕದೆ ಹೋಗುತ್ತಿತ್ತೆ ಎಂದು ನೀವು ಕೇಳಬಹುದು. ಆದರೆ ಅಲ್ಲಿ ಗಾಳಿಯೇ ಬೇರೆ. 4,200 ಮೀಟರುಗಳ ಮೇಲೆ, ನಾವು ಬಯಲುಸೀಮೆಯಲ್ಲಿ ಹೊತ್ತಿರುವ ಗಾಳಿಯಲ್ಲಿ ಐದರಲ್ಲಿ ಮೂರು ಪಾಲು ಮಾತ್ರ ಇರುತ್ತದೆ. ಧೂಳಿಲ್ಲ, ದೀಪವಿಲ್ಲ. ಬೆಳ್ಳಿ ಅಲ್ಲಿ ನೆರಳು ಬೀಳುವಷ್ಟು ಉರಿಯುತ್ತದೆ. ಅದಲ್ಲದೆ, ಮನಸ್ಸು ಡ್ರೋನನ್ನೇ ಕಾದು ಕುಳಿತಿರುವಾಗ ಕಣ್ಣು ಬೇರೆ ಏನನ್ನು ಕಂಡೀತು? 2013ರ ಏಪ್ರಿಲಿನಲ್ಲಿಯೇ ದೆಪ್ಸಾಂಗಿನಲ್ಲಿ ಚೀನೀ ಸೈನಿಕರು ಡೇರೆ ಹಾಕಿ ಮೂರು ವಾರ ಕುಳಿತರು. 2020ರ ಜೂನ್ 15ರ ರಾತ್ರಿ ಗಾಲ್ವಾನಿನಲ್ಲಿ ನಮ್ಮವರು ಇಪ್ಪತ್ತು ಮಂದಿ ಪ್ರಾಣ ಕೊಟ್ಟರು. ಅಂಥ ಗಡಿಯಲ್ಲಿ ಒಂದು ಬೆಳಕಿನ ಮೇಲೆ ಯಾರಾದರೂ ಗುಂಡು ಹಾರಿಸಿದ್ದರೆ, ಗುರುವಿಗೆ ಏನೂ ಆಗುತ್ತಿರಲಿಲ್ಲ. ಈ ಕಡೆಯವರಿಗೂ ಆ ಕಡೆಯವರಿಗೂ ಆಗುತ್ತಿತ್ತು. ಹಾರಿಸಲಿಲ್ಲ. ಬರೆದುಕೊಂಡರು, ವಿಚಾರಿಸಿದರು.

ಇಂಥ ವಿಚಾರಣೆ ಎಲ್ಲ ಕಡೆಯೂ ಮುಗಿದಿದೆಯೆಂದಲ್ಲ. ನಾರ್ವೆ ದೇಶದ ಹೆಸ್‌ಡಾಲೆನ್ ಕಣಿವೆಯಲ್ಲಿ 1981ರ ಕೊನೆಯಿಂದ ಕಾಣತೊಡಗಿದ ಬೆಳಕುಗಳಿಗಾಗಿ 1998ರಲ್ಲಿ ತಾನಾಗಿ ಚಿತ್ರ ತೆಗೆಯುವ ಒಂದು ಠಾಣೆಯನ್ನೇ ನಿಲ್ಲಿಸಿದರು. ಅಲ್ಲಿ ವಿದ್ವಾಂಸರ ಜಗಳ ಇನ್ನೂ ತೀರಿಲ್ಲ. ಹುಡುಗನಿಗೆ ಅಲ್ಲಿಗೂ ಹೋಗಬೇಕೆಂಬ ಆಸೆ. ಖರ್ಚಿನ ಮಾತೆತ್ತಿದೊಡನೆ ಅವನ ತಂದೆ ಮಲಗಿಬಿಟ್ಟರು.

ಮೂರನೆಯ ದಿನ ಚುಶೂಲಿನ ಬಯಲನ್ನು ಹಿಡಿದು ಹೊರಟೆವು. ದಾರಿಯಲ್ಲಿ ರೆಜಾಂಗ್ ಲಾ ಸ್ಮಾರಕ. 1962ರ ನವೆಂಬರು 18ರಂದು ಮೇಜರ್ ಶೈತಾನ್ ಸಿಂಗರೂ ಅವರ ಕುಮಾಂವ್ ದಳದವರೂ ಕಡೆಯ ವರೆಗೆ ಕಾದಿ ಮಡಿದ ಬೆಟ್ಟ ಅಲ್ಲಿಂದ ಕಾಣುತ್ತದೆ. ಭಾವನವರು ನೆಟ್ಟಗೆ ನಿಂತು ವಂದನೆ ಮಾಡಿದರು. ಅವರು ಕೈ ಇಳಿಸಿದ ಮೇಲೆ ನಾನು, "ಭಾವ, ಅಂದು ನಾನು ನಕ್ಕದ್ದು ತಪ್ಪು" ಎಂದೆ. "ಗ್ರಹವೆಂಬುದು ತಪ್ಪಲ್ಲವಲ್ಲ. ಅದನ್ನು ನಾನೂ ನೋಡಿದೆ" ಎಂದು ಹೇಳಿ, ಗಾಳಿ ಬೀಸುತ್ತಿದೆ, ಟೋಪಿ ಹಾಕಿಕೊ ಎಂದರು.

ಸಂಜೆಗೆ ಹಾನ್ಲೆಯನ್ನು ಸೇರಿದೆವು. ಹದಿನೇಳನೆಯ ಶತಮಾನದ ಬೌದ್ಧವಿಹಾರ ಒಂದು ಗುಡ್ಡದ ಮೇಲೆ. ಎದುರಿಗೆ, 4,500 ಮೀಟರು ಎತ್ತರದ ಸರಸ್ವತೀ ಪರ್ವತದ ಮೇಲೆ, ಭಾರತೀಯ ಖಗೋಳ ವೀಕ್ಷಣಾಲಯ. ಅಲ್ಲಿ 2 ಮೀಟರು ಅಡ್ಡಗಲದ ಕನ್ನಡಿಯುಳ್ಳ ಹಿಮಾಲಯನ್ ಚಂದ್ರ ದೂರದರ್ಶಕವಿದೆ. ನಮ್ಮ ಕಡೆಯವರು ಹೆಮ್ಮೆಪಡಬೇಕಾದ ಸಂಗತಿಯೆಂದರೆ, ಅದನ್ನು ನಡೆಸುವವರು ಬೆಂಗಳೂರಿನ ಹತ್ತಿರದ ಹೊಸಕೋಟೆಯಲ್ಲಿ ಕುಳಿತಿರುತ್ತಾರೆ. ಆಜ್ಞೆಗಳು ಉಪಗ್ರಹದ ಮೂಲಕ ಹೋಗುತ್ತವೆ. ಹೊಸಕೋಟೆಯಲ್ಲಿ ಬೆರಳಾಡಿಸಿದರೆ ಟಿಬೆಟ್ಟಿನ ಅಂಚಿನಲ್ಲಿ ಕನ್ನಡಿ ತಿರುಗುತ್ತದೆ! ಸುತ್ತಲಿನ ಸುಮಾರು ಸಾವಿರ ಚದರ ಕಿಲೋಮೀಟರು ಪ್ರದೇಶವನ್ನು 2022ರಲ್ಲಿ ಕತ್ತಲೆಯ ರಕ್ಷಿತ ಪ್ರದೇಶವೆಂದು ಸಾರಿದ್ದಾರೆ. ಅಲ್ಲಿ ಮನೆಗಳ ಕಿಟಕಿಗಳಿಗೆ ದಪ್ಪ ಪರದೆ. ವಾಹನಗಳ ದೀಪಕ್ಕೂ ಕಟ್ಟುಪಾಡು.

ಆ ವರ್ಷದ ಮೇ 10ರ ರಾತ್ರಿ ಹಾನ್ಲೆಯ ಆಕಾಶದಲ್ಲಿ ಒಂದು ಕೆಂಪು ಬೆಳಕು ಹಬ್ಬಿತ್ತು. ಸೂರ್ಯನಲ್ಲಿ ಎದ್ದ ಬಿರುಗಾಳಿಯ ಫಲವದು. ಕ್ಯಾಮರಾಗಳು ಅದನ್ನು ಚೆನ್ನಾಗಿ ಹಿಡಿದುವು, ಬರಿಗಣ್ಣಿಗೆ ಮಸಕಾದುದು. ಒಂದು ಕಡೆ ಇಲ್ಲದುದನ್ನು ತೋರಿಸಿದ ಯಂತ್ರ ಇನ್ನೊಂದು ಕಡೆ ಇರುವುದನ್ನು ತೋರಿಸಿತು. ಭಾವನವರ ಕಟ್ಟುನಿಟ್ಟಿಗೆ ಹುಡುಗನು ಸಿಕ್ಕಿಸಿದ ಕೊಕ್ಕೆ ಇದು; ಅವರು "ಅದಕ್ಕೇ ಎರಡನೆಯ ಸಲ ನೋಡಬೇಕು" ಎಂದರು.

ಹಳ್ಳಿಯ ಕೆಲವರಿಗೆ ಸಂಸ್ಥೆಯವರು ಚಿಕ್ಕ ದೂರದರ್ಶಕಗಳನ್ನು ಕೊಟ್ಟು ಆಕಾಶವನ್ನು ತೋರಿಸಲು ಕಲಿಸಿದ್ದಾರೆ. ನಾವು ಇಳಿದುಕೊಂಡ ಮನೆಯ ಹೆಣ್ಣುಮಗಳೊಬ್ಬಳು ಅಂಥವಳು. ಹಗಲೆಲ್ಲ ಪಶ್ಮೀನಾ ಆಡುಗಳನ್ನು ನೋಡಿಕೊಂಡಿದ್ದು, ರಾತ್ರಿ ಹನ್ನೊಂದೂವರೆಗೆ ದೂರದರ್ಶಕವನ್ನು ಹೊರತಂದು ಗುರುವಿನ ಕಡೆಗೆ ತಿರುಗಿಸಿದಳು. ಅಕ್ಕ ನೋಡಿದಳು, ನಾನು ನೋಡಿದೆ. ಸಣ್ಣ ಬಿಳಿಯ ಬಟ್ಟಲು, ಮೇಲೆ ಎರಡು ಪಟ್ಟೆ, ಪಕ್ಕದಲ್ಲಿ ಒಂದೇ ಗೆರೆಯಲ್ಲಿ ಚಂದ್ರರು. ಭಾವನವರು ಬಗ್ಗಿ ಕಣ್ಣಿಟ್ಟವರು ಬಹಳ ಹೊತ್ತು ಏಳಲಿಲ್ಲ. ಚಳಿಗೆ ನಮ್ಮ ಹಲ್ಲುಗಳು ಕಡಿಯುತ್ತಿದ್ದುವು. ಕಡೆಗೆ ಎದ್ದು, ಅಂಗಿಯ ಜೇಬಿನಿಂದ ಪುಸ್ತಕವನ್ನು ತೆಗೆದರು. ಹುಡುಗನು ಬೆರಳಿನ ಸಂದಿನಿಂದ ಬೆಳಕು ಹಿಡಿದನು. ಮೆರಕಿನ ಎರಡು ರಾತ್ರಿಗಳ ಹೊತ್ತು ಮತ್ತು ದಿಕ್ಕುಗಳ ಎದುರಿಗೆ ಅವರು ಬಿಟ್ಟಿದ್ದ ಖಾಲಿ ಜಾಗದಲ್ಲಿ, ಎರಡು ಸಲವೂ, "ಗುರು" ಎಂದು ಬರೆದು ರುಜು ಹಾಕಿದರು.